ವೆಸುವಿಯಸ್ ಬುಡದಲ್ಲಿ ಮನೆ ಹುಡುಕುತ್ತಿರುವ ತಮ್ಮನಿಗೆ

ವಿಜಯಪುರದ ತಮ್ಮಾ, ನಿನ್ನ ಪ್ರಶ್ನೆ ಓದಿದೆ. ಇಟಲಿಯ ನೇಪಲ್ಸ್‌ಗೆ ಓದಲು ಬರುತ್ತಿದ್ದೀಯ, ಅದರ ಹತ್ತಿರದ ಎರ್ಕೊಲಾನೊ ಊರಲ್ಲಿ ರೂಮು ನೋಡಿದ್ದೀಯ. ಆದರೆ ಹಳೇ ರೋಮನ್ ಊರು ಪಾಂಪೆಯನ್ನು ಹೂತ ಜ್ವಾಲಾಮುಖಿ ಬೆಟ್ಟ ವೆಸುವಿಯಸ್ ಕೆಳಗೆ ಜನ ಹೇಗಿರ್ತಾರೆ ಅಂತ ಕೇಳಿದ್ದೀಯ. 2009ರಲ್ಲಿ ಸೂಟ್‌ಕೇಸ್ ಹಿಡಿದು ಅಲ್ಲಿನ ಸ್ಟೇಷನ್ನಿನಲ್ಲಿ ಇಳಿದಾಗ ನನಗೂ ಹೀಗೇ ಅನಿಸಿತ್ತು. ಒಂದು ಕಡೆ ಕಡಲು, ಒಂದು ಕಡೆ ಬೆಟ್ಟ, ನಡುವೆ ಒತ್ತೊತ್ತಾಗಿ ಮನೆಗಳು.

ಬಾಡಿಗೆ, ಅಕ್ಕಿ, ಬೇಳೆ ಎಲ್ಲ ಬಂದ ಮೇಲೆ ಗೊತ್ತಾಗುತ್ತದೆ. ಎರ್ಕೊಲಾನೊ ಕೆಂಪು ವಲಯದಲ್ಲಿದೆ, ಅಂದರೆ ಬೆಟ್ಟ ಉಕ್ಕಿದರೆ ಹೆಚ್ಚು ಅಪಾಯವಿರುವ ಜಾಗದಲ್ಲಿ. ಅಂಥ 25 ಊರುಗಳಿವೆ, ಸುಮಾರು 7 ಲಕ್ಷ ಜನ. ಬೆಟ್ಟ ಎಚ್ಚರವಾಗುವಂತಿದ್ದರೆ 72 ಗಂಟೆಯೊಳಗೆ ಎಲ್ಲರನ್ನೂ ಖಾಲಿ ಮಾಡಿಸುವ ಯೋಜನೆ ಇದೆ. ಆಗ ಎರ್ಕೊಲಾನೊದವರು ಎಲ್ಲಿಗೆ ಹೋಗಬೇಕು ಅಂತ ಮೊದಲ ವಾರವೇ ತಿಳಿದುಕೋ.

ಜನ ಯಾಕೆ ಬಿಟ್ಟು ಹೋಗಲ್ಲ ಅಂದರೆ, ಮಣ್ಣು. ಎರೆ ಹೊಲದವನಿಗೆ ಇದನ್ನು ಬಿಡಿಸಿ ಹೇಳಬೇಕಾ? ನಮ್ಮ ಎರೆಯೂ ಹಳೇ ಲಾವಾ ಕಲ್ಲು ಸವೆದು ಆದದ್ದೇ. ಇಲ್ಲಿನದು ಇನ್ನೂ ಎಳೆಯದು. ಎರೆಯ ಹಾಗೆ ಕಾಲಿಗೆ ಮೆತ್ತಲ್ಲ, ಹಿಡಿ ತುಂಬಿಕೊಂಡರೆ ಹಗುರ, ಪುಡಿಪುಡಿ. ಪಾಂಪೆಯನ್ನು ಕಟ್ಟಿದ್ದೇ ಹಳೇ ಲಾವಾ ದಿಬ್ಬದ ಮೇಲೆ, ಸಾರ್ನೊ ನದಿ ಕಡಲು ಸೇರುವ ಹತ್ತಿರ. ಒಳನಾಡಿನ ನೋಲಾದ ಸರಕೂ ಅಲ್ಲಿಂದಲೇ ಕಡಲಿಗೆ ಇಳಿಯುತ್ತಿತ್ತು. ರಸ್ತೆಯ ಚಪ್ಪಡಿಗಳೂ ಲಾವಾ ಕಲ್ಲೇ, ಬಂಡಿಯ ಗಾಲಿ ಕೊರೆದ ಜಾಡಿನಲ್ಲಿ ಬೆರಳು ಇಳಿಯುತ್ತದೆ. ಅಲ್ಲಿ ಸಿಕ್ಕ ಒಂದು ಗೋಡೆ ಚಿತ್ರ ನೇಪಲ್ಸ್ ಮ್ಯೂಸಿಯಂನಲ್ಲಿದೆ, ತಪ್ಪದೆ ನೋಡು. ಮೈತುಂಬ ದ್ರಾಕ್ಷಿ ತೊಟ್ಟ ಬಾಕಸ್, ಅಂದರೆ ರೋಮನ್ನರ ದ್ರಾಕ್ಷಾರಸದ ದೇವರು, ಪಕ್ಕದಲ್ಲಿ ಬಳ್ಳಿ ಹಬ್ಬಿದ ಬೆಟ್ಟ. ಅನ್ನ ಕೊಟ್ಟ ಆ ಬೆಟ್ಟವೇ ಕ್ರಿ.ಶ. 79ರಲ್ಲಿ ಪಾಂಪೆಯನ್ನು ಬೂದಿಯಲ್ಲಿ ಮುಚ್ಚಿತು. ಹರ್ಕ್ಯುಲೇನಿಯಂ ಅನ್ನುವ ಇನ್ನೊಂದು ರೋಮನ್ ಊರು ಸುಮಾರು 20 ಮೀಟರ್ ಆಳಕ್ಕೆ ಹೂತು ಹೋಯಿತು. ಇವತ್ತಿನ ಎರ್ಕೊಲಾನೊ ನಿಂತಿರುವುದು ಅದರ ಮೇಲೆಯೇ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳ್ತೀನಿ. ಭಾಷೆ ಕಲಿತುಕೊಂಡು ಬಾ. ನನ್ನ ಕೆಳಮನೆಯಲ್ಲಿ ಒಬ್ಬ ಅಜ್ಜಿ ಇದ್ದರು. 1944ರ ಮಾರ್ಚ್‌ನಲ್ಲಿ ಬೆಟ್ಟ ಕೊನೆಯ ಸಲ ಉಕ್ಕಿದಾಗ ಅವರಿಗೆ ಒಂಬತ್ತು ವರ್ಷ, ಬೆಟ್ಟದ ಬುಡದ ಸಾನ್ ಸೆಬಾಸ್ಟಿಯಾನೊ ಊರಲ್ಲಿದ್ದರು. ಲಾವಾ ಆ ಊರಿನೊಳಗೇ ಬಂದಿತ್ತು. ಚಳಿ ಶುರುವಾಗುವ ಮುಂಚೆ ಮೆಟ್ಟಿಲ ಮೇಲೆ ಕೂತು, ಚೂಪು ಮೂತಿಯ ಪುಟ್ಟ ಟೊಮೆಟೊಗಳನ್ನು ದಾರಕ್ಕೆ ಗೊಂಚಲು ಕಟ್ಟುತ್ತಾ ಆ ರಾತ್ರಿಯ ಕಥೆ ಹೇಳುತ್ತಿದ್ದರು. ಪಿಯೆನ್ನೊಲೊ ಅಂತಾರೆ, ತೂಗು ಹಾಕಿದರೆ ತಿಂಗಳುಗಟ್ಟಲೆ ಕೆಡಲ್ಲ. ಅವರದು ಪೂರಾ ನೇಪಲ್ಸ್ ಭಾಷೆ. ನನಗೆ ತಿಳಿಯುತ್ತಿದ್ದದ್ದು ಎರಡೇ ಪದ, ಲಾವಾ ಮತ್ತು ಮಮ್ಮಾ. ಸುಮ್ನೆ ತಲೆ ಆಡಿಸುತ್ತಿದ್ದೆ. ಅವರು ಕಣ್ಣು ಒರೆಸಿಕೊಂಡಾಗಲೂ ನಗುನಗುತ್ತಾ ತಲೆ ಆಡಿಸಿದ್ದೆ. ನನಗೆ ಮಾತು ಅರ್ಥವಾಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ಆ ಸಂಕಟ ಇನ್ನೂ ಹೋಗಿಲ್ಲ.

ಅವರು ಕೊಟ್ಟ ಬೀಜವನ್ನು ಪ್ರತಿ ವರ್ಷ ಬಾಲ್ಕನಿಯಲ್ಲಿ ಹಾಕ್ತೀನಿ. ಬಂದಾಗ ಒಂದು ಗೊಂಚಲು ಒಯ್ಯಿ. ಸಾರಿಗೆ ಚೆನ್ನಾಗಿರುತ್ತದೆ.