ಮೂರೂ ಚಾನೆಲ್ ಒಟ್ಟಿಗೆ ಜಿಗಿದು ಟ್ರಿಪ್ ಆಗುತ್ತಿದ್ದರೆ

ಟ್ರಾನ್ಸ್‌ಮಿಟರ್ (ಪ್ರೆಶರ್ ಅಳೆದು ಸಿಗ್ನಲ್ ಕಳಿಸುವ ಸಾಧನ) ಬದಲಿಸಬೇಡಿ. ಗೋಕುಲ ರೋಡಿನ ನಿಮ್ಮ ವರ್ಕ್‌ಶಾಪಿನ ತರಬೇತಿ ಪ್ಯಾನೆಲ್‌ನಲ್ಲಿ ಪಂಪಿನ ಡ್ರೈವ್ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಶುರುವಾದ ಕೂಡಲೇ ಮೂರೂ ಪ್ರೆಶರ್ ಚಾನೆಲ್‌ಗಳ ರೀಡಿಂಗ್ ಜಿಗಿದು ಟ್ರಿಪ್ ಆಗುತ್ತದೆ, ಅಂದರೆ ಸುರಕ್ಷತೆಗೆ ಪಂಪ್ ತಾನೇ ನಿಲ್ಲುತ್ತದೆ ಅಂದಿದ್ದೀರಿ. ಹಾಗಿದ್ದರೆ ಸಿಗ್ನಲ್ ಕೇಬಲ್‌ನ ಶೀಲ್ಡ್ (ನಾಯ್ಸ್ ತಡೆಯುವ ಲೋಹದ ಹೊದಿಕೆ) ತಪ್ಪಾಗಿ ಎರಡೂ ತುದಿಯಲ್ಲಿ ಅರ್ಥ್ ಆಗಿರುವ ಸಾಧ್ಯತೆ ಇದೆ. ಡ್ರೈವಿನ ನಾಯ್ಸ್ ಅಲ್ಲಿಂದಲೇ ಬರುತ್ತಿರಬಹುದು.

ಮೊದಲು ಪವರ್ ತೆಗೆಯಿರಿ. ಒಂದೇ ಟ್ರಾನ್ಸ್‌ಮಿಟರ್ ಕಡೆಯ ಶೀಲ್ಡ್ ಬಿಚ್ಚಿ ಟೇಪ್ ಸುತ್ತಿ. ಪ್ಯಾನೆಲ್ ಕಡೆಯದು ಹಾಗೇ ಇರಲಿ, ಟ್ರಾನ್ಸ್‌ಮಿಟರ್‌ನ ಲೋಹದ ಬಾಡಿಯ ಅರ್ಥ್ ಮಾತ್ರ ಮುಟ್ಟಲೇಬೇಡಿ. ಈಗ ಪಂಪ್ ಓಡಿಸಿ. ಆ ಚಾನೆಲ್ ಒಂದೇ ಶಾಂತವಾದರೆ ಉಳಿದೆರಡಕ್ಕೂ ಹಾಗೇ ಮಾಡಿ.

ಆಗಲೂ ಜಿಗಿದರೆ ಪವರ್ ತೆಗೆದು, ಟ್ರಾನ್ಸ್‌ಮಿಟರ್‌ನ ಸಿಗ್ನಲ್ ಕರೆಂಟ್ ಹರಿಯುವ ಲೂಪಿನಲ್ಲಿ ಸರಣಿಯಾಗಿ ಮಲ್ಟಿಮೀಟರನ್ನು ಮಿಲಿಆಂಪ್ ಸೆಟ್ಟಿಂಗಿನಲ್ಲಿ ಹಾಕಿ, ಮತ್ತೆ ಓಡಿಸಿ. ಮೀಟರ್ ಸ್ಥಿರ, ಪಿಎಲ್‌ಸಿ (ಪ್ಯಾನೆಲ್‌ನ ನಿಯಂತ್ರಣ ಕಂಪ್ಯೂಟರ್) ತೋರಿಸುವ ರೀಡಿಂಗ್ ಮಾತ್ರ ಕುಣಿದರೆ ಸಿಗ್ನಲ್ ಒಳಗೆ ತೆಗೆದುಕೊಳ್ಳುವ ಅದರ ಇನ್‌ಪುಟ್ ಕಾರ್ಡ್ ನೋಡಿ. ಮೀಟರೂ ಏರಿಳಿದರೆ ಪಂಪ್ ಎದ್ದಾಗ ಪ್ರೆಶರ್ ನಿಜವಾಗಿಯೇ ಏರುತ್ತಿರಬಹುದು. ಅದು ಗೇಜ್ ನೋಡಿದರಷ್ಟೇ ಗೊತ್ತಾಗುತ್ತದೆ. ರೀಡಿಂಗ್‌ನ ಏರಿಳಿತ ತಗ್ಗಿಸಲು ಸುಮ್ನೆ ಪಿಎಲ್‌ಸಿಯ ಫಿಲ್ಟರ್ ಸಮಯ ಜಾಸ್ತಿ ಮಾಡಬೇಡಿ, ನಿಜವಾದ ಟ್ರಿಪ್ ತಡವಾಗುತ್ತದೆ.

ಇನ್ನೊಂದು ಮಾತು. ಮೂರರಲ್ಲಿ ಎರಡು ಒಪ್ಪಿದರೆ ಟ್ರಿಪ್ ಅನ್ನುವ ಲಾಜಿಕ್, ಒಂದು ಚಾನೆಲ್ ಕೆಟ್ಟರೆ ಮಾತ್ರ ಕಾಪಾಡುತ್ತದೆ. ಮೂರಕ್ಕೂ ಒಂದೇ ಕಾರಣ ತಟ್ಟಿದರೆ ಅಲ್ಲ. ಅಣು ಸ್ಥಾವರಗಳಲ್ಲಿ ಚಾನೆಲ್‌ಗಳ ಕೇಬಲ್ ದಾರಿ, ಪವರ್ ಸಪ್ಲೈ ಎಲ್ಲಾ ಬೇರೆಬೇರೆ ಇಡುವುದು ಇದಕ್ಕೇ. ನೀವೂ ಮೂರಕ್ಕೂ ಬೇರೆ 24 ವೋಲ್ಟ್ ಸಪ್ಲೈ ಕೊಡಿ, ಕೇಬಲ್‌ಗಳನ್ನು ಮೋಟರ್ ಕೇಬಲ್ ಇರುವ ಟ್ರೇಯಿಂದ ಹೊರಗೆ ತನ್ನಿ.