ತಾಯಿಯ ಊಟ, ಕೂಸಿನ ಜೀನ್

ಪ್ರಶ್ನೆ: ನನಗೀಗ ಎರಡು ತಿಂಗಳು. ವಾಂತಿಯಿಂದಾಗಿ ಮಜ್ಜಿಗೆ ಅನ್ನ ಬಿಟ್ಟು ಬೇರೇನೂ ಸೇರುತ್ತಿಲ್ಲ. ಮೊದಲ ತಿಂಗಳುಗಳಲ್ಲಿ ತಾಯಿ ಉಣ್ಣುವುದು ಕೂಸಿನ ಜೀನ್‌ಗಳನ್ನೇ ಬದಲಿಸುತ್ತದೆ ಎಂದು ಓದಿ ಗಾಬರಿಯಾಗಿದೆ. ನಮ್ಮ ಮನೆಯಲ್ಲಿ ಮೊಟ್ಟೆ, ಮಾಂಸ ತಿನ್ನುವುದಿಲ್ಲ.
– ಹೆಸರು ಬೇಡ, ಸುರಪುರ, ಯಾದಗಿರಿ ಜಿಲ್ಲೆ

ಉತ್ತರ: ಆಹಾರದಿಂದ ಜೀನ್‌ನ ಬರಹ ಬದಲಾಗುವುದಿಲ್ಲ, ಯಾವ ಜೀನ್ ಎಷ್ಟು ಕೆಲಸ ಮಾಡಬೇಕೆಂಬುದನ್ನು ಹೇಳುವ ಗುರುತುಗಳು ಬದಲಾಗಬಹುದು. ಅಂಥ ಒಂದು ಗುರುತಾದ ಮೀಥೈಲ್ ಎಂಬ ಪುಟ್ಟ ರಾಸಾಯನಿಕ ಗುಂಪು, ಜೀನ್‌ಗಳಿರುವ ಡಿಎನ್‌ಎಗೆ ಅಂಟಿಕೊಂಡಲ್ಲಿ ಸಾಮಾನ್ಯವಾಗಿ ಆ ಜೀನ್ ತಣ್ಣಗಾಗುತ್ತದೆ. ಗರ್ಭ ಕಟ್ಟಿದ ಮೊದಲ ದಿನಗಳಲ್ಲಿ ಹಳೆಯ ಗುರುತುಗಳು ಬಹುಪಾಲು ಅಳಿದು ಹೊಸದಾಗಿ ಮೂಡುತ್ತವೆ. ಅದಕ್ಕೆ ಬೇಕಾದ ಮೀಥೈಲ್ ಒದಗುವುದು ಫೋಲೇಟ್, ಬಿ12 ಎಂಬ ಜೀವಸತ್ವಗಳು ಮತ್ತು ಕೋಲೀನ್ ಎಂಬ ಪೋಷಕಾಂಶದ ನೆರವಿನಿಂದ.

ನೆದರ್ಲೆಂಡ್ಸ್‌ನಲ್ಲಿ 1944-45ರ ಚಳಿಗಾಲದ ಕ್ಷಾಮದಲ್ಲಿ ತಾಯಿಯ ಗರ್ಭ ಸೇರಿದವರನ್ನು ಸುಮಾರು 60 ವರ್ಷಗಳ ನಂತರ ಪರೀಕ್ಷಿಸಿದಾಗ, ಬೆಳವಣಿಗೆಗೆ ಸಂಬಂಧಿಸಿದ ಐಜಿಎಫ್2 ಜೀನ್‌ನ ಮೇಲೆ ಮೀಥೈಲ್ ಗುರುತುಗಳು ಅವರ ಒಡಹುಟ್ಟಿದವರಿಗಿಂತ ಕಡಿಮೆ ಇದ್ದವು. ಗರ್ಭದ ಕೊನೆಯ ತಿಂಗಳುಗಳಲ್ಲಷ್ಟೇ ಹಸಿವು ಕಂಡವರಲ್ಲಿ ಆ ವ್ಯತ್ಯಾಸ ಕಾಣಲಿಲ್ಲ. ನೀವು ಓದಿದ್ದಕ್ಕೆ ಆಧಾರವಿರುವುದು ಇಂಥ ಅಧ್ಯಯನಗಳಲ್ಲಿ. ಆದರೆ ಅದು ಊರಿಗೆ ಊರೇ ಹಸಿದ ಕಾಲ, ವ್ಯತ್ಯಾಸವೂ ಸಣ್ಣದು, ಅದೂ ಗುಂಪಿನ ಸರಾಸರಿ. ಕೆಲವು ವಾರಗಳ ವಾಂತಿಗೆ ಅದನ್ನು ಹೋಲಿಸಿ ನಿಮ್ಮನ್ನು ನೀವೇ ದೂರಿಕೊಳ್ಳಬೇಡಿ.

ಫೋಲಿಕ್ ಆಮ್ಲದ (ಮಾತ್ರೆಯ ರೂಪದ ಫೋಲೇಟ್) ಮಾತ್ರೆ, ದಿನಕ್ಕೆ 400 ಮೈಕ್ರೋಗ್ರಾಂ, ಗರ್ಭ ನಿಲ್ಲುವ ಮೊದಲೇ ಆರಂಭವಾಗಬೇಕಿತ್ತು, ಏಕೆಂದರೆ ಕೂಸಿನ ಮೆದುಳು ಮತ್ತು ಬೆನ್ನುಹುರಿಯಾಗುವ ನರನಾಳ ಗರ್ಭ ಕಟ್ಟಿದ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಈಗಲೂ 12 ವಾರ ತುಂಬುವವರೆಗೆ ಅದನ್ನು ಬಿಡಬೇಡಿ. ನಿಮ್ಮ ವಿಷಯದಲ್ಲಿ ನನಗೆ ಹೆಚ್ಚು ಚಿಂತೆ ಬಿ12ರದು. ಅದು ಸಸ್ಯಾಹಾರದಲ್ಲಿ ಹಾಲು, ಮೊಸರಿನಿಂದಷ್ಟೇ ಸಿಗುತ್ತದೆ, ನೀರು ಮಜ್ಜಿಗೆಯಲ್ಲಿ ತೀರ ಕಡಿಮೆ. ಗಟ್ಟಿ ಮೊಸರು ಸೇರುವಂತಿದ್ದರೆ ಅದನ್ನೇ ಉಣ್ಣಿ, ರಕ್ತ ಪರೀಕ್ಷೆಯನ್ನೂ ಮಾಡಿಸಿ. ಒಳ್ಳೆಯದೆಂದು ಫೋಲಿಕ್ ಮಾತ್ರೆಯನ್ನು ನೀವಾಗಿಯೇ ಹೆಚ್ಚಿಸಬೇಡಿ: ಪುಣೆ ಸಮೀಪದ ಹಳ್ಳಿಗಳ ಅಧ್ಯಯನದಲ್ಲಿ, ಫೋಲೇಟ್ ಹೆಚ್ಚಿದ್ದು ಬಿ12 ಕಡಿಮೆಯಿದ್ದ ತಾಯಂದಿರ ಮಕ್ಕಳಲ್ಲಿ ಆರನೇ ವಯಸ್ಸಿಗೆ ಇನ್ಸುಲಿನ್ ಪ್ರತಿರೋಧ (ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್‌ಗೆ ದೇಹ ಸರಿಯಾಗಿ ಸ್ಪಂದಿಸದಿರುವುದು) ಹೆಚ್ಚಿತ್ತು.

ವಾಂತಿ ಇಳಿದಂತೆ ಜೋಳದ ರೊಟ್ಟಿ, ತೊಗರಿಬೇಳೆ, ಮೆಂತ್ಯ ಪಲ್ಯ ಸ್ವಲ್ಪಸ್ವಲ್ಪವಾಗಿ ಸೇರಲಿ. ಬೇಳೆ ಬೇಯಿಸಿದ ನೀರನ್ನು ಚೆಲ್ಲಬೇಡಿ. ಫೋಲೇಟ್ ನೀರಿಗಿಳಿಯುವಂಥದ್ದು, ನಮ್ಮ ಕಡೆಯ ಕಟ್ಟಿನ ಸಾರು ಅದನ್ನು ತಟ್ಟೆಗೆ ಮರಳಿಸುತ್ತದೆ. ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ ಅಥವಾ ತೂಕ ಇಳಿಯುತ್ತಿದ್ದರೆ ಅಂದೇ ವೈದ್ಯರನ್ನು ಕಾಣಿರಿ.