ಬಾಡಿಗೆ ಸರ್ವರ್ ಜೊತೆ ಬರುವ 'ಉಚಿತ' ಸಾಫ್ಟ್‌ವೇರ್: ಲೈಸೆನ್ಸ್ ಯಾರ ಹೆಸರಲ್ಲಿದೆ ಅಂತ ಮೊದಲು ನೋಡಿ

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಹೀಗೆ: ಒಂದು ಡೆಡಿಕೇಟೆಡ್ ಸರ್ವರನ್ನು (ಪೂರ್ತಿ ನಿಮಗೊಬ್ಬರಿಗೇ ಮೀಸಲಾದ ಯಂತ್ರ) ತಿಂಗಳ ಬಾಡಿಗೆಗೆ ಹಿಡಿದು, ಅದರಲ್ಲಿ ಸಣ್ಣ ಸಣ್ಣ ಹೋಸ್ಟಿಂಗ್ (ಬೇರೆಯವರ ಸೈಟ್ ಇಡುವ ಜಾಗ) ಪ್ಯಾಕೇಜ್ ಮಾಡಿ ಮಾರಬೇಕು ಅಂತಿದ್ದೀರಿ. ಕಂಪನಿಯವರ ಜಾಹೀರಾತಿನಲ್ಲಿ 'ಬೇಕಾದ ಎಲ್ಲ ಸಾಫ್ಟ್‌ವೇರ್ ಸೇರಿದೆ' ಅಂತ ಇದೆ. ಆ 'ಎಲ್ಲ'ದೊಳಗೆ ಏನೇನು ಬರುತ್ತದೆ, ಯಾವುದನ್ನು ನೀವೇ ಕೊಳ್ಳಬೇಕಾಗುತ್ತದೆ?

ಕೆಲವು ವರ್ಷಗಳಿಂದ ನಾನೂ ಇದನ್ನೇ ಮಾಡುತ್ತಿದ್ದೇನೆ. ದೊಡ್ಡ ಮಟ್ಟದಲ್ಲೇನಲ್ಲ, ಎರಡು ಸರ್ವರ್, ನೂರು ಚಿಲ್ಲರೆ ಸೈಟು. ಮೊದಲ ಸರ್ವರ್ ಹಿಡಿದಾಗ ಈ ಪ್ರಶ್ನೆ ಕೇಳಬೇಕು ಅಂತ ನನಗೆ ಹೊಳೆದಿರಲಿಲ್ಲ. 'ಕಂಟ್ರೋಲ್ ಪ್ಯಾನೆಲ್ ಉಚಿತ' ಅಂತ ಬರೆದಿತ್ತು, ಬಂತು ಕೂಡ. ಲಾಗಿನ್ ಆದರೆ ಸಿಪ್ಯಾನೆಲ್ ಇತ್ತು (ಸೈಟ್, ಇಮೇಲ್, ಅಕೌಂಟುಗಳನ್ನು ಬ್ರೌಸರಿನಲ್ಲೇ ನಿಭಾಯಿಸುವ, ದುಡ್ಡು ಕೊಟ್ಟು ಕೊಳ್ಳುವ ಪ್ಯಾನೆಲ್). ಖುಷಿಯಾಗಿ ಏಳೆಂಟು ಜನರ ಸೈಟ್ ಏರಿಸಿದೆ. ಎರಡು ವಾರ ಕಳೆದ ಮೇಲೆ ಒಬ್ಬ ಗ್ರಾಹಕರು ಫೋನ್ ಮಾಡಿ, "ಹೊಸ ಇಮೇಲ್ ಮಾಡೋಕೆ ಹೋದರೆ ಲೈಸೆನ್ಸ್ ಸರಿಯಿಲ್ಲ ಅಂತ ಏನೋ ಬರ್ತಿದೆ ಸರ್" ಅಂದರು. ನೋಡಿದರೆ ನನಗೆ ಸಿಕ್ಕಿದ್ದು 15 ದಿನದ ಟ್ರಯಲ್. ಸೈಟುಗಳೆಲ್ಲ ಆರಾಮಾಗಿ ಓಡುತ್ತಿದ್ದವು, ಅದಕ್ಕೇ ನನಗೆ ಸುಳಿವು ಸಿಕ್ಕಿರಲಿಲ್ಲ. ಪ್ಯಾನೆಲ್ ಲೈಸೆನ್ಸ್ ಮುಗಿದರೂ ಸೈಟ್ ತೋರಿಸುವ ಅಪಾಚೆ, ಅದರ ಡೇಟಾ ಇಡುವ ಮೈಎಸ್‌ಕ್ಯುಎಲ್ ಕೆಲಸ ನಿಲ್ಲಿಸುವುದಿಲ್ಲ. ಒಳಗೆ ಹೋಗುವ ಬಾಗಿಲಿಗೆ ಮಾತ್ರ ಬೀಗ ಬೀಳುತ್ತದೆ. ಕಂಪನಿಯವರನ್ನು ಕೇಳಿದರೆ 'ಉಚಿತ ಅಂದದ್ದು ಇನ್‌ಸ್ಟಾಲ್ ಮಾಡಿಕೊಡುವುದಕ್ಕೆ' ಎಂಬ ಉತ್ತರ.

ಹಾಗಾಗಿ ಮೊದಲೇ ಹೇಳಿಬಿಡುತ್ತೇನೆ. ಸರ್ವರ್ ಜೊತೆ ಖಚಿತವಾಗಿ ಬರುವುದು ತೀರ ಕಡಿಮೆ. ಮ್ಯಾನೇಜ್ಡ್ ಅಲ್ಲದ (ನಿರ್ವಹಣೆ ನೀವೇ ಮಾಡುವ) ಸರ್ವರ್ ಆದರೆ ಯಂತ್ರ, ಒಂದೆರಡು ಐಪಿ (ಇಂಟರ್ನೆಟ್ ವಿಳಾಸ), ಒಂದು ಆಪರೇಟಿಂಗ್ ಸಿಸ್ಟಂ (ಓಎಸ್), ರೂಟ್ (ಪೂರ್ಣ ಅಧಿಕಾರದ) ಪಾಸ್‌ವರ್ಡ್, ಅಷ್ಟೇ. ಜೊತೆಗೆ ಐಪಿಎಂಐ ಅಥವಾ ಕೆವಿಎಂ ಸಂಪರ್ಕ, ಅಂದರೆ ಸಾಮಾನ್ಯ ಲಾಗಿನ್ ಕೈಕೊಟ್ಟರೂ ದೂರದಿಂದಲೇ ಯಂತ್ರದೊಳಗೆ ಹೋಗುವ ದಾರಿ, ಇದೆಯೇ ಕೇಳಿ (ಡೆಲ್ ಯಂತ್ರದಲ್ಲಿ ಐಡ್ರಾಕ್, ಎಚ್‌ಪಿಯಲ್ಲಿ ಐಎಲ್‌ಒ ಅನ್ನುತ್ತಾರೆ). ಫೈರ್‌ವಾಲ್ ನಿಯಮ ತಪ್ಪಾಗಿ ಬರೆದು ನಿಮ್ಮನ್ನು ನೀವೇ ಹೊರಗೆ ಹಾಕಿಕೊಂಡ ದಿನ ಅದರ ಬೆಲೆ ಗೊತ್ತಾಗುತ್ತದೆ. ಆ ದಿನ ಎಲ್ಲರಿಗೂ ಬರುತ್ತದೆ.

ಆಪರೇಟಿಂಗ್ ಸಿಸ್ಟಂ ವಿಷಯದಲ್ಲಿ ಒಂದೇ ಎಚ್ಚರಿಕೆ. ಕಂಪನಿಯವರ ಹಳೆಯ ಟೆಂಪ್ಲೇಟ್ (ಸಿದ್ಧ ಓಎಸ್ ಪ್ರತಿ) ಪಟ್ಟಿಯಲ್ಲಿ ಇನ್ನೂ ಸೆಂಟ್‌ಒಎಸ್ 7 ಎಂಬ ಲಿನಕ್ಸ್ ಕಾಣಿಸಿದರೆ ಮುಟ್ಟಬೇಡಿ. ಅದರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಸೆಂಟ್‌ಒಎಸ್ 8ರದ್ದು ಅದಕ್ಕೂ ಮೊದಲೇ, 2021ರ ಕೊನೆಗೇ ಮುಗಿದಿತ್ತು. ಈಗ ಈ ಕೆಲಸಕ್ಕೆ ಹೆಚ್ಚಿನವರು ಹಾಕುವುದು ಆಲ್ಮಾಲಿನಕ್ಸ್ ಅಥವಾ ರಾಕಿ ಲಿನಕ್ಸ್, ಕೆಲವರು ಉಬುಂಟು. ಯಾವ ಪ್ಯಾನೆಲ್ ಹಾಕುತ್ತೀರಿ ಅಂತ ನಿರ್ಧರಿಸಿದ ಮೇಲೆ ಓಎಸ್ ಆರಿಸಿ, ಮೊದಲೇ ಬೇಡ. ಸಿಪ್ಯಾನೆಲ್ ಡೆಬಿಯನ್ ಎಂಬ ಲಿನಕ್ಸ್ ಮೇಲೆ ಕೂರುವುದಿಲ್ಲ, ಡೈರೆಕ್ಟ್‌ಅಡ್ಮಿನ್ ಎಂಬ ಇನ್ನೊಂದು ಪ್ಯಾನೆಲ್ ಕೂರುತ್ತದೆ. ಅಲ್ಲದೆ ಸಿಪ್ಯಾನೆಲ್‌ಗೆ ಹೊಸದಾಗಿ ಹಾಕಿದ ಖಾಲಿ ಓಎಸ್ಸೇ ಬೇಕು. ಒಮ್ಮೆ ಹಾಕಿದ ಮೇಲೆ ಅದನ್ನು ತೆಗೆಯುವ ದಾರಿ ಅಂದರೆ ಸರ್ವರನ್ನೇ ಪೂರ್ತಿ ಅಳಿಸಿ ಮತ್ತೆ ಓಎಸ್ ಹಾಕುವುದು. ನಿಮ್ಮ ಗ್ರಾಹಕರಿಗೆ ವಿಂಡೋಸ್, ಎಂಎಸ್ ಎಸ್‌ಕ್ಯುಎಲ್ (ಮೈಕ್ರೋಸಾಫ್ಟ್‌ನ ಡೇಟಾಬೇಸ್) ಬೇಕಿದ್ದರೆ ಲೆಕ್ಕವೇ ಬೇರೆ: ಪ್ರತಿಯೊಂದಕ್ಕೂ ತಿಂಗಳ ಲೈಸೆನ್ಸ್, ಪ್ಯಾನೆಲ್ ಬಹುಮಟ್ಟಿಗೆ ಪ್ಲೆಸ್ಕ್. ಸಿಪ್ಯಾನೆಲ್ ವಿಂಡೋಸ್ ಮೇಲೆ ನಡೆಯುವುದೇ ಇಲ್ಲ.

ಈಗ ಪ್ಯಾನೆಲ್. ಹೋಸ್ಟಿಂಗ್ ಮಾರುವವನಿಗೆ ನಿಜವಾದ ಅಂಗಡಿ ಇದೇ. ಸಿಪ್ಯಾನೆಲ್ ಅಂದರೆ ಎರಡು ಮುಖ: ಇಡೀ ಸರ್ವರ್ ನೋಡಿಕೊಳ್ಳಲು ನಿಮಗೆ ಡಬ್ಲ್ಯುಎಚ್‌ಎಂ, ತಮ್ಮ ಸೈಟ್ ನೋಡಿಕೊಳ್ಳಲು ನಿಮ್ಮ ಗ್ರಾಹಕರಿಗೆ ಸಿಪ್ಯಾನೆಲ್. ಡಬ್ಲ್ಯುಎಚ್‌ಎಂ ಒಳಗೇ ರೀಸೆಲ್ಲರ್ ಎಂಬ ಹಂತವೂ ಇದೆ. ಅಂದರೆ ನಿಮ್ಮ ಕೆಳಗೆ ಇನ್ನೊಬ್ಬರಿಗೆ ಒಂದು ಪಾಲು ಕೊಟ್ಟು, ಅವರೂ ಮಾರುವಂತೆ ಮಾಡಬಹುದು. ಜನಕ್ಕೆ ಅಭ್ಯಾಸವಾಗಿರುವುದು ಇದೇ, ಬೇರೆ ಕಡೆಯಿಂದ ಅಕೌಂಟ್ ಎಳೆದು ತರುವ ಸಾಧನವೂ ಇದರಲ್ಲಿ ಚೆನ್ನಾಗಿದೆ.

ತೊಂದರೆ ಇರುವುದು ಲೆಕ್ಕದಲ್ಲಿ. 2019ರ ಜೂನ್‌ವರೆಗೆ ಒಂದು ಸರ್ವರಿಗೆ ಒಂದು ಲೈಸೆನ್ಸ್ ಕೊಂಡರೆ ಎಷ್ಟು ಅಕೌಂಟ್ ಬೇಕಾದರೂ ಹಾಕಬಹುದಿತ್ತು. ಆ ತಿಂಗಳು ಅವರು ಅಕೌಂಟ್ ಎಣಿಸಿ ಹಣ ಕೇಳುವ ಪದ್ಧತಿಗೆ ಬದಲಾಯಿಸಿದರು. ಅಡ್ಮಿನ್ ಹಂತಕ್ಕೆ 5 ಅಕೌಂಟ್, ಪ್ರೊಗೆ 30, ಪ್ರೀಮಿಯರ್‌ಗೆ 100. ನೂರು ದಾಟಿದ ಮೇಲೆ ತಲೆಗಿಷ್ಟು ಅಂತ. ಹಣ ಕಟ್ಟದ ಗ್ರಾಹಕರನ್ನು ನೀವು ಸಸ್ಪೆಂಡ್ ಮಾಡಿಟ್ಟರೆ ಆ ಅಕೌಂಟೂ ಎಣಿಕೆಗೆ ಬರುತ್ತದೆ. ಅವರು ನಿಮಗೆ ಕೊಡುವುದಿಲ್ಲ, ನೀವು ಅವರ ಪರವಾಗಿ ಕಟ್ಟುತ್ತಿರುತ್ತೀರಿ. ನಾನು ಮೂರು ತಿಂಗಳು ಹೀಗೆ ಕಟ್ಟಿದ್ದೇನೆ, ಆಮೇಲೆ ಬುದ್ಧಿ ಬಂತು. ಆದ್ದರಿಂದ 'ಸಿಪ್ಯಾನೆಲ್ ಸೇರಿದೆ' ಅಂತ ಓದಿದ ತಕ್ಷಣ 'ಯಾವ ಹಂತದ್ದು, ಎಷ್ಟು ಅಕೌಂಟಿನದ್ದು' ಅಂತ ಕೇಳಿ. ಐದು ಅಕೌಂಟಿನ ಲೈಸೆನ್ಸ್ ಇಟ್ಟುಕೊಂಡು ಹೋಸ್ಟಿಂಗ್ ಮಾರಲು ಆಗುವುದಿಲ್ಲ.

ಪ್ಲೆಸ್ಕ್‌ನಲ್ಲೂ ಇಂಥದ್ದೇ ಒಂದು ತೊಡಕು ಇದೆ. ವೆಬ್ ಅಡ್ಮಿನ್ ಆವೃತ್ತಿಗೆ 10 ಡೊಮೇನ್, ವೆಬ್ ಪ್ರೊಗೆ 30, ವೆಬ್ ಹೋಸ್ಟ್‌ಗೆ ಮಿತಿಯಿಲ್ಲ. ರೀಸೆಲ್ಲರ್ ಸೌಲಭ್ಯ ಇರುವುದು ಆ ಕೊನೆಯದರಲ್ಲಿ ಮಾತ್ರ. ಸರ್ವರ್ ಜೊತೆ ಉಚಿತವಾಗಿ ಬರುವುದು ಯಾವುದು ಅಂತ ನೀವೇ ಊಹಿಸಿ. ಅಂದಹಾಗೆ ಸಿಪ್ಯಾನೆಲ್, ಪ್ಲೆಸ್ಕ್ ಎರಡೂ ಈಗ ವೆಬ್‌ಪ್ರೋಸ್ ಎಂಬ ಒಂದೇ ಗುಂಪಿನವು. ಒಂದರ ಬೆಲೆ ಏರಿತು ಅಂತ ಇನ್ನೊಂದಕ್ಕೆ ಓಡಿದರೆ ಅದೇ ಮನೆಯ ಹಿತ್ತಲ ಬಾಗಿಲಿಗೆ ಬಂದು ನಿಂತ ಹಾಗೆ. ಡೈರೆಕ್ಟ್‌ಅಡ್ಮಿನ್ ಬೇರೆಯವರದ್ದು. ಅದರ ಸ್ಟ್ಯಾಂಡರ್ಡ್ ಲೈಸೆನ್ಸ್‌ನಲ್ಲಿ ಅಕೌಂಟ್ ಎಣಿಕೆ ಇಲ್ಲ, ಅಡ್ಮಿನ್, ರೀಸೆಲ್ಲರ್, ಯೂಸರ್ ಎಂಬ ಮೂರೂ ಹಂತ ಇವೆ. ನನ್ನ ಎರಡನೇ ಸರ್ವರ್‌ನಲ್ಲಿ ಇರುವುದು ಅದೇ. ನೋಡಲು ಸ್ವಲ್ಪ ಸಪ್ಪೆ, ಆದರೆ ಹಗುರ.

ದುಡ್ಡು ಕೊಡದೆ ಸಿಗುವ ಪ್ಯಾನೆಲ್‌ಗಳ ಬಗ್ಗೆ ಎರಡು ಮಾತು. ಐಎಸ್‌ಪಿಕಾನ್ಫಿಗ್‌ನಲ್ಲಿ ರೀಸೆಲ್ಲರ್ ಹಂತ ಇದೆ, ಅದನ್ನು ನಂಬಿ ವರ್ಷಗಟ್ಟಲೆ ನಡೆಸುವವರಿದ್ದಾರೆ. ಹೆಸ್ಟಿಯಾ ಅಚ್ಚುಕಟ್ಟು, ಆದರೆ ಅದರಲ್ಲಿ ರೀಸೆಲ್ಲರ್ ಹಂತವಿಲ್ಲ. ನೀವೊಬ್ಬರೇ ಎಲ್ಲ ಅಕೌಂಟ್ ಮಾಡುವುದಾದರೆ ಪರವಾಗಿಲ್ಲ. ಇವನ್ನು ಯಾರೂ ನಿಮಗೆ 'ಕೊಡಬೇಕಿಲ್ಲ', ನೀವೇ ಹಾಕಿಕೊಳ್ಳಬಹುದು. ಕೆಲವು ಕಂಪನಿಯವರು ಇಂಥದ್ದನ್ನೇ ಹಾಕಿ 'ಪ್ರೀಮಿಯಂ ಪ್ಯಾನೆಲ್ ಉಚಿತ' ಅಂತ ಪಟ್ಟಿಗೆ ಸೇರಿಸುತ್ತಾರೆ.

ಪಟ್ಟಿ ಉದ್ದ ಮಾಡುವ ಇನ್ನೊಂದು ತಂತ್ರವೂ ಇದೆ. ಅಪಾಚೆ, ಪಿಎಚ್‌ಪಿ, ಮರಿಯಾಡಿಬಿ, ಪಿಎಚ್‌ಪಿಮೈಅಡ್ಮಿನ್, ಎಕ್ಸಿಮ್, ಡವ್‌ಕಾಟ್, ರೌಂಡ್‌ಕ್ಯೂಬ್, ಸ್ಪ್ಯಾಮ್‌ಅಸಾಸಿನ್, ಎಡಬ್ಲ್ಯುಸ್ಟಾಟ್ಸ್ ಅಂತ ಹತ್ತಿಪ್ಪತ್ತು ಹೆಸರು ಸಾಲಾಗಿ ಬರೆದಿರುತ್ತಾರೆ. ಇವೆಲ್ಲ ಬೇಕಾದವೇ, ಆದರೆ ಇವೆಲ್ಲ ಮುಕ್ತ ತಂತ್ರಾಂಶ. ಸಿಪ್ಯಾನೆಲ್ ಹಾಕಿದರೆ ಇವು ಜೊತೆಗೇ ಬರುತ್ತವೆ. ಎಸ್‌ಎಸ್‌ಎಲ್ (ಸೈಟಿನ ಸಂಪರ್ಕವನ್ನು ಗುಪ್ತವಾಗಿಡುವ ಸರ್ಟಿಫಿಕೇಟ್) ಕೂಡ ಹಾಗೆಯೇ: ಅದನ್ನು ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಬಂದ ಮೇಲೆ ಸಾಮಾನ್ಯ ಸರ್ಟಿಫಿಕೇಟ್ ಯಾರಿಗೂ ಉಚಿತ. ಪಟ್ಟಿಯಲ್ಲಿ ಇವನ್ನೆಲ್ಲ ಹೊಡೆದು ಹಾಕಿ, ಉಳಿದದ್ದು ಏನು ಅಂತ ನೋಡಿ.

ಉಳಿಯಬೇಕಾದದ್ದು ಇವು. ಮೊದಲನೆಯದು ಕ್ಲೌಡ್‌ಲಿನಕ್ಸ್, ಹೋಸ್ಟಿಂಗ್‌ಗೆಂದೇ ಮಾಡಿದ, ದುಡ್ಡು ಕೊಟ್ಟು ಕೊಳ್ಳುವ ಓಎಸ್. ಇದಿಲ್ಲದೆ ಹಂಚಿಕೆಯ ಹೋಸ್ಟಿಂಗ್ ಮಾರಬೇಡಿ ಅನ್ನುವಷ್ಟರ ಮಟ್ಟಿಗೆ ನಾನು ಹಟ ಮಾಡುತ್ತೇನೆ. ಯಾಕೆಂದರೆ ಒಂದು ಸರ್ವರಿನಲ್ಲಿ ಅರವತ್ತು ಜನ ಇದ್ದಾಗ, ಅದರಲ್ಲಿ ಒಬ್ಬರ ವರ್ಡ್‌ಪ್ರೆಸ್‌ಗೆ ಯಾವುದೋ ಕೆಟ್ಟ ಪ್ಲಗಿನ್ ಹತ್ತಿಕೊಂಡರೆ, ಸಿಪಿಯು ಪೂರ್ತಿ ಅದೊಂದೇ ನುಂಗಿ ಉಳಿದ ಐವತ್ತೊಂಬತ್ತು ಸೈಟೂ ಕುಂಟುತ್ತವೆ. ಕ್ಲೌಡ್‌ಲಿನಕ್ಸ್‌ನ ಎಲ್‌ವಿಇ ಪ್ರತಿ ಅಕೌಂಟಿಗೂ ಇಷ್ಟೇ ಸಿಪಿಯು, ಇಷ್ಟೇ ಮೆಮೊರಿ, ಇಷ್ಟೇ ಡಿಸ್ಕ್ ಓಡಾಟ ಅಂತ ಬೇಲಿ ಹಾಕುತ್ತದೆ. ಅದರ ಕೇಜ್‌ಎಫ್‌ಎಸ್ ಒಬ್ಬರ ಅಕೌಂಟ್ ಹ್ಯಾಕ್ ಆದರೂ ಪಕ್ಕದವರ ಫೈಲ್ ಇಣುಕಿ ನೋಡಲು ಬಿಡುವುದಿಲ್ಲ. ಆಲ್ಮಾಲಿನಕ್ಸ್ ಹಾಕಿದ ಸರ್ವರನ್ನು ಒಂದು ಸ್ಕ್ರಿಪ್ಟ್‌ನಿಂದ ಕ್ಲೌಡ್‌ಲಿನಕ್ಸ್‌ಗೆ ಬದಲಿಸಬಹುದು. ಹೇಗೂ ಆಲ್ಮಾವನ್ನು 2021ರಲ್ಲಿ ಮೊದಲು ಬಿಡುಗಡೆ ಮಾಡಿದ್ದೇ ಕ್ಲೌಡ್‌ಲಿನಕ್ಸ್‌ನವರು.

ಆಮೇಲೆ ಸಾಫ್ಟಾಕ್ಯುಲಸ್, ವರ್ಡ್‌ಪ್ರೆಸ್‌ನಂಥವನ್ನು ತಾನಾಗಿ ಹಾಕಿಕೊಡುವ ಸಾಧನ. ಒಂದು ಗುಂಡಿ ಒತ್ತಿದರೆ ವರ್ಡ್‌ಪ್ರೆಸ್ ಬೇಕು ಅಂತ ಎಲ್ಲ ಗ್ರಾಹಕರೂ ಕೇಳುತ್ತಾರೆ, ಕೊಡದೆ ವಿಧಿಯಿಲ್ಲ. ಬ್ಯಾಕಪ್‌ಗೆ ಜೆಟ್‌ಬ್ಯಾಕಪ್, ಮಾಲ್‌ವೇರ್ ಕಾಟಕ್ಕೆ ಇಮ್ಯುನಿಫೈ360, ವೇಗಕ್ಕೆ ಅಪಾಚೆ ಬದಲು ಲೈಟ್‌ಸ್ಪೀಡ್. ಲೈಟ್‌ಸ್ಪೀಡ್ ಆರಂಭಕ್ಕೆ ಬೇಡ, ಉಚಿತವಾದ ಎನ್‌ಜಿನ್‌ಎಕ್ಸನ್ನು ಅಪಾಚೆಯ ಮುಂದಿಟ್ಟುಕೊಂಡೇ ಬೇಕಾದಷ್ಟು ದೂರ ಹೋಗಬಹುದು. ಫೈರ್‌ವಾಲ್‌ಗೆ ಎಲ್ಲರೂ ಸಿಎಸ್‌ಎಫ್ ಹೇಳುತ್ತಿದ್ದರು. ಅದನ್ನು ಮಾಡುತ್ತಿದ್ದ ಕಂಪನಿ 2025ರ ಆಗಸ್ಟ್‌ನಲ್ಲಿ ಬಾಗಿಲು ಹಾಕಿತು, ಕೋಡನ್ನು ಜಿಪಿಎಲ್ ಎಂಬ ಮುಕ್ತ ಲೈಸೆನ್ಸ್ ಅಡಿಯಲ್ಲಿ ಬಿಟ್ಟುಕೊಟ್ಟಿತು. ಹಳೆಯ ಸರ್ವರ್ ಟೆಂಪ್ಲೇಟ್‌ನಲ್ಲಿ ಅದು ಇದ್ದರೆ, ಈಗ ಯಾರ ಪ್ರತಿಯಿಂದ ಅಪ್‌ಡೇಟ್ ಬರುತ್ತಿದೆ ಅಂತ ನೋಡಿಕೊಳ್ಳಿ.

ಇದೆಲ್ಲ ಒಂದೊಂದೇ ಸೇರಿಸಿ ಕೂಡಿಸಿ ನೋಡಿ. ಮೂಗಿಗಿಂತ ಮೂಗುತಿ ಭಾರ ಅನ್ನುವ ಹಾಗೆ, ಸಣ್ಣ ಸರ್ವರಿನ ಬಾಡಿಗೆಗಿಂತ ಲೈಸೆನ್ಸ್‌ಗಳ ಬಾಡಿಗೆಯೇ ಹೆಚ್ಚಾಗಿಬಿಡಬಹುದು. ಆಗ ಇಡೀ ಸರ್ವರ್ ಬಿಟ್ಟು ರೀಸೆಲ್ಲರ್ ಅಕೌಂಟ್ ತೆಗೆದುಕೊಳ್ಳುವುದೇ ಜಾಣತನ. ಅಂದರೆ ಬೇರೆಯವರ ಸರ್ವರಿನಲ್ಲಿ ಒಂದು ಪಾಲು: ರೂಟ್ ಅಧಿಕಾರ ಇರುವುದಿಲ್ಲ, ಆದರೆ ಪ್ಯಾನೆಲ್, ಕ್ಲೌಡ್‌ಲಿನಕ್ಸ್, ಸಾಫ್ಟಾಕ್ಯುಲಸ್ ಎಲ್ಲ ಅವರ ಲೈಸೆನ್ಸ್‌ನಲ್ಲೇ ನಡೆಯುತ್ತದೆ, ಕರ್ನಲ್ (ಓಎಸ್‌ನ ತಿರುಳು) ಅಪ್‌ಡೇಟ್ ಅವರ ತಲೆನೋವು. ಇಪ್ಪತ್ತು ಮೂವತ್ತು ಗ್ರಾಹಕರವರೆಗೆ ನಾನಾದರೆ ಅದನ್ನೇ ಮಾಡುತ್ತೇನೆ. ನೀವು ಈಗಾಗಲೇ ಅಷ್ಟು ದಾಟಿದ್ದೀರೋ ಇಲ್ಲವೋ ಪ್ರಶ್ನೆಯಲ್ಲಿ ಹೇಳಿಲ್ಲ.

ಬಿಲ್ಲಿಂಗ್‌ಗೆ ಡಬ್ಲ್ಯುಎಚ್‌ಎಂಸಿಎಸ್ ಅಂತ ಎಲ್ಲ ಕಡೆ ಓದಿರುತ್ತೀರಿ. ಗ್ರಾಹಕ ಹಣ ಕಟ್ಟಿದ ಕೂಡಲೇ ತಾನಾಗಿ ಅಕೌಂಟ್ ಮಾಡಿ ಕೊಡುತ್ತದೆ, ಕಟ್ಟದಿದ್ದರೆ ತಾನಾಗಿ ನಿಲ್ಲಿಸುತ್ತದೆ. ಒಳ್ಳೆಯದೇ. ಅದರ ಲೈಸೆನ್ಸ್ ಕೂಡ ಗ್ರಾಹಕರ ಸಂಖ್ಯೆಗೆ ತಕ್ಕಂತೆ ಏರುತ್ತದೆ, ಅದೂ ಆ ವೆಬ್‌ಪ್ರೋಸ್‌ನವರದ್ದೇ. ಹತ್ತು ಗ್ರಾಹಕರಿಲ್ಲದೆ ಅದನ್ನು ಕೊಳ್ಳುವುದು ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದಂತೆ. ಅಲ್ಲಿಯವರೆಗೆ ಕೈಬರಹದ ಲೆಕ್ಕ ಸಾಕು, ಅಥವಾ ಉಚಿತವಾದ ಫಾಸ್‌ಬಿಲ್ಲಿಂಗ್ ನೋಡಿ, ಅಥವಾ ಬ್ಲೆಸ್ಟಾ. ಕದ್ದ ಪ್ರತಿ ಮಾತ್ರ ಹಾಕಬೇಡಿ. ಗ್ರಾಹಕರ ಹೆಸರು, ವಿಳಾಸ, ಸರ್ವರಿನ ಕೀಲಿ ಎಲ್ಲ ಇರುವ ಜಾಗ ಅದು. ಬೀಗ ಒಡೆದು ಕೊಟ್ಟವನು ತನಗೂ ಒಂದು ಕಿಟಕಿ ಬಿಟ್ಟುಕೊಂಡಿರುತ್ತಾನೆ. ಅರ್ಧ ಬೆಲೆಗೆ 'ಶೇರ್ಡ್ ಸಿಪ್ಯಾನೆಲ್ ಲೈಸೆನ್ಸ್' ಮಾರುವವರೂ ಇದೇ ಜಾತಿ.

ಇನ್ನು ನಾನು ಮೊದಲೇ ಹೇಳಬೇಕಾಗಿದ್ದ ಮಾತು. ಈ ಲೈಸೆನ್ಸ್‌ಗಳಲ್ಲಿ ಹೆಚ್ಚಿನವು ಸರ್ವರಿನ ಐಪಿಗೆ ಅಂಟಿಕೊಂಡಿರುತ್ತವೆ, ಮತ್ತು ಸರ್ವರ್ ಕಂಪನಿ ಕೊಟ್ಟದ್ದಾದರೆ ಅವು ಅವರ ಹೆಸರಿನಲ್ಲೇ ಇರುತ್ತವೆ. ನೀವು ಆ ಕಂಪನಿಯನ್ನು ಬಿಡುವ ದಿನ ಎಲ್ಲವೂ ಅಲ್ಲೇ ಉಳಿಯುತ್ತದೆ. ಸರ್ವರ್ ಬದಲಿಸುವಾಗ ಹಳೆಯದೂ ಹೊಸದೂ ಒಂದೆರಡು ವಾರ ಜೊತೆಯಾಗಿ ನಡೆಯಬೇಕಾಗುತ್ತದೆ, ಆ ಅವಧಿಗೆ ಎರಡೂ ಕಡೆ ಲೈಸೆನ್ಸ್ ಬೇಕು. ನೀವೇ ನೇರವಾಗಿ ಕೊಂಡಿದ್ದರೆ ಐಪಿ ಬದಲಿಸಿಕೊಳ್ಳಬಹುದು, ಸ್ವಲ್ಪ ದುಬಾರಿಯಾದರೂ. ನಾನು ಈಗ ಪ್ಯಾನೆಲ್ ಲೈಸೆನ್ಸ್ ಮಾತ್ರ ನನ್ನ ಹೆಸರಲ್ಲಿ ಇಟ್ಟುಕೊಂಡಿದ್ದೇನೆ, ಉಳಿದದ್ದನ್ನು ಕಂಪನಿಯವರಿಂದಲೇ ತೆಗೆದುಕೊಳ್ಳುತ್ತೇನೆ.

ಸಾಫ್ಟ್‌ವೇರ್ ಅಲ್ಲದಿದ್ದರೂ ಜೊತೆಗೇ ಕೇಳಬೇಕಾದವು ಕೆಲವು ಇವೆ: ಮೇಲ್ ಹೊರಗೆ ಹೋಗುವ 25ನೇ ಪೋರ್ಟ್ ತೆರೆದಿದೆಯೇ, ಐಪಿಗೆ ಹೆಸರು ಕೊಡುವ ರಿವರ್ಸ್ ಡಿಎನ್‌ಎಸ್ ಹಾಕಿಕೊಡುತ್ತಾರೆಯೇ (ಅದಿಲ್ಲದೆ ನಿಮ್ಮ ಗ್ರಾಹಕರ ಮೇಲ್ ಸ್ಪ್ಯಾಮ್‌ಗೆ ಬೀಳುತ್ತದೆ), ನಿಮ್ಮದೇ ಹೆಸರಿನ ನೇಮ್‌ಸರ್ವರ್‌ಗೆ (ಡೊಮೇನ್ ಯಾವ ಐಪಿಯಲ್ಲಿದೆ ಅಂತ ಹೇಳುವ ಸರ್ವರ್) ಎರಡನೇ ಐಪಿ ಇದೆಯೇ. ಬ್ಯಾಕಪ್ ಜಾಗ ಬೇರೆ ಯಂತ್ರದಲ್ಲಿ ಇದೆಯೇ ಅನ್ನುವುದು ಇವೆಲ್ಲಕ್ಕಿಂತ ಮುಖ್ಯ. 'ರೈಡ್ ಇದೆ, ಬ್ಯಾಕಪ್ ಬೇಡ' ಅಂತ ಸೇಲ್ಸ್‌ನವರು ಹೇಳಿದರೆ ನಗಿ. ಇಲ್ಲಿ ರೈಡ್ ಅಂದರೆ ಒಂದೇ ಡೇಟಾವನ್ನು ಎರಡು ಡಿಸ್ಕಿಗೆ ಬರೆಯುವ ಏರ್ಪಾಡು, ಒಂದು ಡಿಸ್ಕ್ ಸತ್ತರೆ ಅದು ಕಾಪಾಡುತ್ತದೆ. ನೀವು ತಪ್ಪಾಗಿ ಅಳಿಸಿದ್ದನ್ನು ಎರಡೂ ಡಿಸ್ಕಿನಿಂದ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

'ಮ್ಯಾನೇಜ್ಡ್' ಅಂತ ಹೆಚ್ಚು ಹಣ ಕೊಟ್ಟರೆ ಪ್ಯಾನೆಲ್ ಹಾಕುವುದು, ಅಪ್‌ಡೇಟ್ ಮಾಡುವುದು, ಸೇವೆ ನಿಂತರೆ ಎಬ್ಬಿಸುವುದು ಅವರದ್ದು. ನಿಮ್ಮ ಗ್ರಾಹಕರ ವರ್ಡ್‌ಪ್ರೆಸ್ ಕೆಟ್ಟರೆ ಅದು ಅವರದ್ದಲ್ಲ, ನಿಮ್ಮದು.

ಈಗ ಒಂದು ಟಿಕೆಟ್ ಬರೆದು ಕಂಪನಿಯವರನ್ನು ಕೇಳಿ: ಪ್ಯಾನೆಲ್ ಯಾವುದು, ಯಾವ ಆವೃತ್ತಿ, ಎಷ್ಟು ಅಕೌಂಟ್, ಎಷ್ಟು ತಿಂಗಳು ಉಚಿತ, ಆಮೇಲೆ ಎಷ್ಟು, ಕ್ಲೌಡ್‌ಲಿನಕ್ಸ್ ಸೇರಿದೆಯೇ. ಫೋನಿನಲ್ಲಿ ಕೇಳಬೇಡಿ, ಬರಹದಲ್ಲಿ ಉತ್ತರ ಬೇಕು. ಸರ್ವರ್ ಕೈಗೆ ಬಂದ ದಿನ ಸಿಪ್ಯಾನೆಲ್‌ನವರದೇ ಲೈಸೆನ್ಸ್ ಪರಿಶೀಲನೆಯ ಪುಟದಲ್ಲಿ ನಿಮ್ಮ ಐಪಿ ಹಾಕಿ, ಏನು ತೋರಿಸುತ್ತದೆ ನೋಡಿ. ಹಾಗಿದ್ದೂ ಮೊದಲ ಮೂರು ವಾರ ನಿಮ್ಮ ಸ್ವಂತ ಸೈಟ್ ಬಿಟ್ಟು ಬೇರೆಯವರದ್ದನ್ನು ಏರಿಸಬೇಡಿ. ಟ್ರಯಲ್ ಆಗಿದ್ದರೆ ಹದಿನಾರನೇ ದಿನ ನಿಮಗೊಬ್ಬರಿಗೇ ಗೊತ್ತಾಗುತ್ತದೆ.